ಹಡಗಿನ ಇಂಧನದಿಂದ ಗಂಧಕ ಹೋದ ಮೇಲೆ: ಒಂದು ಪ್ರಕರಣ ಅಧ್ಯಯನ

ಪ್ರಕರಣ

2020ರ ಜನವರಿ 1ರಂದು ಜಗತ್ತಿನ ಸಾಗರಗಳಲ್ಲಿ ಓಡಾಡುವ ವಾಣಿಜ್ಯ ಹಡಗುಗಳ ಇಂಧನಕ್ಕೆ ಹೊಸ ಮಿತಿಯೊಂದು ಜಾರಿಗೆ ಬಂದಿತು. ಹಿಂದಿನ ದಿನದವರೆಗೆ ಆ ಇಂಧನದಲ್ಲಿ ತೂಕದ ಲೆಕ್ಕದಲ್ಲಿ ಶೇಕಡ 3.5ರವರೆಗೆ ಗಂಧಕ ಇರಲು ಅವಕಾಶವಿತ್ತು. ಅಂದಿನಿಂದ ಅದು ಶೇಕಡ 0.5ನ್ನು ಮೀರುವಂತಿಲ್ಲ ಎಂದಾಯಿತು. ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕಡಲಯಾನ ಸಂಸ್ಥೆ, ಅಂದರೆ ಐಎಂಒ, ಈ ದಿನಾಂಕವನ್ನು 2016ರ ಅಕ್ಟೋಬರಿನಲ್ಲಿಯೇ ಖಚಿತಪಡಿಸಿತ್ತು. ಬಾಲ್ಟಿಕ್ ಸಮುದ್ರ, ಉತ್ತರ ಸಮುದ್ರ ಮತ್ತು ಉತ್ತರ ಅಮೆರಿಕದ ಕರಾವಳಿಯಲ್ಲಿ 2015ರಿಂದಲೇ ಇನ್ನೂ ಬಿಗಿಯಾದ ಶೇಕಡ 0.1ರ ಮಿತಿ ಇತ್ತಾದರೂ, ತೆರೆದ ಸಾಗರದ ಮಟ್ಟಿಗೆ ಇಷ್ಟು ದೊಡ್ಡ ಇಳಿಕೆ ಒಂದೇ ದಿನಾಂಕಕ್ಕೆ ಜಾರಿಯಾದದ್ದು ಅದೇ ಮೊದಲು.

ಕಚ್ಚಾ ತೈಲದಿಂದ ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಗಳನ್ನು ತೆಗೆದ ಮೇಲೆ ಸಂಸ್ಕರಣಾಗಾರದಲ್ಲಿ ಕೊನೆಗೆ ಉಳಿಯುವುದು ಡಾಂಬರಿನ ಹತ್ತಿರದ ಬಂಧುವಾದ ಮಂದ, ಕಪ್ಪು ತೈಲ. ಕಾಯಿಸದಿದ್ದರೆ ಅದು ಕೊಳವೆಯಲ್ಲಿ ಹರಿಯುವುದೂ ಕಷ್ಟ. ಕಚ್ಚಾ ತೈಲದಲ್ಲಿದ್ದ ಗಂಧಕದ ದೊಡ್ಡ ಪಾಲು ಈ ಶೇಷದಲ್ಲಿಯೇ ಸೇರಿಕೊಳ್ಳುತ್ತದೆ. ಬೇರೆಯವರಿಗೆ ಬೇಡವಾಗಿ ಅಗ್ಗವಾಗಿದ್ದ ಇದನ್ನೇ ದೊಡ್ಡ ಹಡಗುಗಳು ಬಂಕರ್ ತೈಲವೆಂದು ದಶಕಗಳ ಕಾಲ ತುಂಬಿಸಿಕೊಂಡು ಉರಿಸಿದವು. ಉರಿದಾಗ ಹೊರಬರುವ ಗಂಧಕದ ಡೈಆಕ್ಸೈಡ್ ಗಾಳಿಯಲ್ಲಿ ಕೆಲವೇ ದಿನಗಳಲ್ಲಿ ಸಲ್ಫೇಟ್ ಕಣಗಳಾಗಿ ಮಾರ್ಪಡುತ್ತದೆ, ಮತ್ತು ಆ ಕಣಗಳು ಬಂದರು ಪಟ್ಟಣಗಳ, ಕರಾವಳಿಯ ಜನರ ಶ್ವಾಸಕೋಶ ಸೇರುತ್ತವೆ.

ನಿಯಮದ ಉದ್ದೇಶ ಸ್ಪಷ್ಟವಾಗಿತ್ತು. ಹಡಗುಗಳಿಂದ ಹೊಮ್ಮುವ ಗಂಧಕದ ಆಕ್ಸೈಡ್‌ಗಳು ಶೇಕಡ 77ರಷ್ಟು, ಅಂದರೆ ವರ್ಷಕ್ಕೆ ಸುಮಾರು 85 ಲಕ್ಷ ಟನ್ ಇಳಿಯುತ್ತವೆ ಎಂದು ಐಎಂಒ ಅಂದಾಜು ಮಾಡಿತ್ತು. ನಿಯಮ ಜಾರಿಯಾಗುವ ಎರಡು ವರ್ಷ ಮೊದಲು, 2018ರಲ್ಲಿ, ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಹಳೆಯ ಇಂಧನವೇ ಮುಂದುವರಿದರೆ ಹಡಗಿನ ಹೊಗೆಯಿಂದ ವರ್ಷಕ್ಕೆ ಸುಮಾರು 4 ಲಕ್ಷ ಅಕಾಲಿಕ ಸಾವುಗಳೂ ಮಕ್ಕಳಲ್ಲಿ ಸುಮಾರು 1.4 ಕೋಟಿ ಆಸ್ತಮಾ ಪ್ರಕರಣಗಳೂ ಉಂಟಾಗುತ್ತವೆಂದೂ, ಶುದ್ಧ ಇಂಧನದಿಂದ ಸಾವುಗಳು ಮೂರನೇ ಒಂದು ಭಾಗದಷ್ಟು, ಆಸ್ತಮಾ ಪ್ರಕರಣಗಳು ಅರ್ಧಕ್ಕೂ ಹೆಚ್ಚು ತಗ್ಗುತ್ತವೆಂದೂ ಲೆಕ್ಕ ಹಾಕಿತ್ತು. ಒಂದು ಆಡಳಿತಾತ್ಮಕ ನಿರ್ಧಾರದಿಂದ ಇಷ್ಟು ಜೀವಗಳು ಉಳಿಯುವುದಾದರೆ ಅದನ್ನು ವಿಳಂಬ ಮಾಡುವುದೇ ತಪ್ಪು. ಮುಂದೆ ಹೇಳುವ ಯಾವ ಮಾತೂ ಈ ನಿಯಮದ ವಿರುದ್ಧದ ವಾದವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಅದೇ ಅಧ್ಯಯನದಲ್ಲಿ ಇನ್ನೊಂದು ಸಾಲೂ ಇತ್ತು. ಹಡಗಿನ ಹೊಗೆಯ ಕಣಗಳು ಭೂಮಿಯನ್ನು ತಂಪಾಗಿಡುತ್ತಿದ್ದವು. ಹೊಸ ಇಂಧನದಿಂದ ಆ ತಂಪಿನಲ್ಲಿ ಸುಮಾರು ಶೇಕಡ 80ರಷ್ಟು ಇಲ್ಲವಾಗುತ್ತದೆ, ಮನುಷ್ಯರು ಭೂಮಿಯ ಶಕ್ತಿ ಸಮತೋಲನದ ಮೇಲೆ ಹೇರಿರುವ ಒಟ್ಟು ಒತ್ತಡ, ಅಂದರೆ ಭೂಮಿಯನ್ನು ಬಿಸಿಯತ್ತ ತಳ್ಳುವ ಬಲ, ಸುಮಾರು ಶೇಕಡ 3ರಷ್ಟು ಹೆಚ್ಚುತ್ತದೆ ಎಂಬುದು ಆ ಸಾಲು. ಮಾಹಿತಿ ಗುಟ್ಟಾಗಿರಲಿಲ್ಲ. ಆದರೆ ಗಂಧಕದ ನಿಯಮ ಮಾಲಿನ್ಯದ ಕಡತದಲ್ಲಿ ಸಾಗಿತು, ಇಂಗಾಲದ ಡೈಆಕ್ಸೈಡ್ ಇನ್ನೊಂದು ಕಡತದಲ್ಲಿ ನಿಧಾನವಾಗಿ ಹೊರಳುತ್ತಿತ್ತು, ಹವಾಮಾನ ಬದಲಾವಣೆಯಿಂದ ಆಗುವ ನಷ್ಟಕ್ಕೆ ಬೆಲೆ ಕಟ್ಟುವ ಕೆಲಸ ಅರ್ಥಶಾಸ್ತ್ರಜ್ಞರ ಮೂರನೆಯ ಕಡತದಲ್ಲಿತ್ತು. ಮೂರನ್ನೂ ಒಂದೇ ಮೇಜಿನ ಮೇಲೆ ಬಿಡಿಸಿ ನೋಡಿದ್ದರೆ ಏನು ಕಾಣುತ್ತಿತ್ತು ಎಂಬುದೇ ಈ ಅಧ್ಯಯನದ ಪ್ರಶ್ನೆ.

ಮೋಡದೊಳಗಿನ ಬದಲಾವಣೆ

ಗಾಳಿಯಲ್ಲಿ ತೇವವಿದ್ದ ಮಾತ್ರಕ್ಕೆ ಮೋಡ ಕಟ್ಟುವುದಿಲ್ಲ. ನೀರಿನ ಆವಿ ಹನಿಯಾಗಬೇಕಾದರೆ ಅದು ಕೂಡಿಕೊಳ್ಳಲು ಒಂದು ಕಣ ಬೇಕು. ಸಮುದ್ರದ ಉಪ್ಪು, ದೂಳು, ಸಲ್ಫೇಟ್, ಯಾವುದಾದರೂ ಆದೀತು. ದಡದಿಂದ ದೂರದ ಸಾಗರದ ಗಾಳಿಯಲ್ಲಿ ಇಂಥ ಕಣಗಳು ಸಹಜವಾಗಿಯೇ ವಿರಳ. ಹಾಗಾಗಿ ಅಲ್ಲಿನ ತಗ್ಗು ಮೋಡಗಳಲ್ಲಿ ಹನಿಗಳು ಕಡಿಮೆ, ಒಂದೊಂದು ಹನಿಯೂ ದಪ್ಪ. ಅಂಥ ಮೋಡದ ಕೆಳಗೆ ಹಡಗೊಂದು ಹೊಗೆಯುಗುಳುತ್ತ ಸಾಗಿದರೆ ಅದೇ ನೀರು ಅನೇಕ ಪಟ್ಟು ಹೆಚ್ಚಿನ ಕಣಗಳಿಗೆ ಹಂಚಿಹೋಗುತ್ತದೆ. ಒಂದು ಹನಿಯ ನೀರು ಎಂಟು ಹನಿಗಳಾಗಿ ಒಡೆಯಿತೆಂದುಕೊಳ್ಳಿ: ಪ್ರತಿ ಹನಿಯ ತ್ರಿಜ್ಯ ಅರ್ಧವಾಗುತ್ತದೆ, ಪ್ರತಿ ಹನಿಯ ಮೇಲ್ಮೈ ಕಾಲುಭಾಗವಾಗುತ್ತದೆ, ಆದರೆ ಎಂಟೂ ಹನಿಗಳ ಒಟ್ಟು ಮೇಲ್ಮೈ ಮೊದಲಿನ ಎರಡರಷ್ಟಾಗುತ್ತದೆ. ಬಿಸಿಲನ್ನು ಹಿಂದಕ್ಕೆ ಎಸೆಯುವುದು ಈ ಮೇಲ್ಮೈ. ಹೀಗಾಗಿ ನೀರು ಒಂದು ತೊಟ್ಟೂ ಹೆಚ್ಚದೆ ಮೋಡ ಬೆಳ್ಳಗಾಗುತ್ತದೆ. ಈ ಪರಿಣಾಮವನ್ನು 1970ರ ದಶಕದಲ್ಲಿ ವಿವರಿಸಿದ ಷಾನ್ ಟೂಮಿಯ ಹೆಸರಿನಿಂದಲೇ ವಿಜ್ಞಾನಿಗಳು ಇದನ್ನು ಕರೆಯುತ್ತಾರೆ.

ಇದು ಬರಿಗಣ್ಣಿಗೆ ಕಾಣುವ ಸಂಗತಿ. 1960ರ ದಶಕದ ಮೊದಲ ಹವಾಮಾನ ಉಪಗ್ರಹಗಳು ಕಳುಹಿಸಿದ ಚಿತ್ರಗಳಲ್ಲಿಯೇ ಸಾಗರದ ಮಂಕು ಮೋಡದ ಹಾಸಿನ ಮೇಲೆ ಸುಣ್ಣದ ಕಡ್ಡಿಯಿಂದ ಎಳೆದಂತೆ ನೂರಾರು ಕಿಲೋಮೀಟರ್ ಉದ್ದದ ಬಿಳಿ ಗೆರೆಗಳು ಮೂಡಿದ್ದವು. ಅವು ಹಡಗುಗಳು ಸಾಗಿದ ಜಾಡುಗಳು. 2020ರ ನಂತರ ಉಪಗ್ರಹ ಚಿತ್ರಗಳನ್ನು ಕಂಪ್ಯೂಟರಿನ ನೆರವಿನಿಂದ ಒಂದೊಂದಾಗಿ ಜಾಲಾಡಿದವರಿಗೆ ಆ ಗೆರೆಗಳ ಸಾಂದ್ರತೆ ತಮ್ಮ ದಾಖಲೆಯಲ್ಲೇ ಅತ್ಯಂತ ಕೆಳಮಟ್ಟಕ್ಕೆ ಇಳಿದದ್ದು ಕಂಡಿತು.

ಆದರೆ ಕಣ್ಣಿಗೆ ಕಾಣುವ ಗೆರೆ ಒಟ್ಟು ಪರಿಣಾಮದ ಒಂದು ಭಾಗ ಮಾತ್ರ. ಗೆರೆಯಾಗಿ ಕಾಣಿಸದಂತೆ ಹರಡಿಹೋದ ಕಣಗಳು ವಿಶಾಲವಾದ ಮೋಡದ ಹಾಸನ್ನೇ ತುಸು ಬೆಳ್ಳಗಾಗಿಸುತ್ತವೆ. ಹನಿಗಳು ಚಿಕ್ಕವಾದಾಗ ಮಳೆ ತಡವಾಗಿ ಮೋಡ ಹೆಚ್ಚು ಹೊತ್ತು ಉಳಿಯಬಹುದು; ಇಲ್ಲವೇ ಚಿಕ್ಕ ಹನಿಗಳು ಬೇಗ ಆರಿ ಮೋಡ ತೆಳುವಾಗಬಹುದು. ಎರಡೂ ನಡೆಯುತ್ತವೆ, ಯಾವುದು ಎಲ್ಲಿ ಮೇಲುಗೈ ಪಡೆಯುತ್ತದೆ ಎಂಬುದು ಆ ದಿನದ ಗಾಳಿ, ತೇವ, ಮೋಡದ ಬಗೆಯನ್ನು ಅವಲಂಬಿಸಿದೆ. ಇದರ ಜೊತೆಗೆ 2020ರ ಮಾರ್ಚಿನ ಹೊತ್ತಿಗೆ ಕೋವಿಡ್ ಸಾಂಕ್ರಾಮಿಕ ಹಡಗು ಸಂಚಾರವನ್ನೇ ಏರುಪೇರು ಮಾಡಿದ್ದರಿಂದ, ಒಂದು ಸ್ವಚ್ಛ ಪ್ರಯೋಗವಾಗಬಹುದಾಗಿದ್ದ ಸಂದರ್ಭ ಕಲಬೆರಕೆಯಾಯಿತು. ಕೆಲವು ಹಡಗುಗಳು ಹಳೆಯ ತೈಲವನ್ನೇ ಉಳಿಸಿಕೊಂಡು ಹೊಗೆ ತೊಳೆಯುವ ಸ್ಕ್ರಬ್ಬರ್‌ಗಳನ್ನು ಹಾಕಿಸಿಕೊಂಡವು.

ಹೀಗಾಗಿ ಅಂದಾಜುಗಳು ಒಂದಕ್ಕೊಂದು ಹೊಂದುವುದಿಲ್ಲ. ಹಲವು ಅಧ್ಯಯನಗಳು ಇಡೀ ಭೂಮಿಯ ಸರಾಸರಿಯಲ್ಲಿ ಪ್ರತಿ ಚದರ ಮೀಟರಿಗೆ 0.1 ವ್ಯಾಟ್‌ನ ಆಸುಪಾಸಿನ ಹೆಚ್ಚುವರಿ ಶಾಖವನ್ನು ಸೂಚಿಸುತ್ತವೆ. 2024ರ ಒಂದು ಪ್ರಬಂಧ ಸಾಗರಗಳ ಮೇಲಿನ ಸರಾಸರಿಯಾಗಿ 0.2 ವ್ಯಾಟ್ ಎಂದಿತು, ಅದರಲ್ಲಿಯೇ ಅರ್ಧದಷ್ಟು ಅನಿಶ್ಚಿತತೆಯನ್ನೂ ಒಪ್ಪಿಕೊಂಡಿತು. ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಮತ್ತು ಸಂಗಡಿಗರು 2025ರಲ್ಲಿ 0.5 ವ್ಯಾಟ್ ಎಂದು ವಾದಿಸಿದರು. ಬಹುತೇಕ ಸಂಶೋಧಕರಿಗೆ ಅದು ಅತಿಯಾಯಿತು ಎನಿಸಿದೆ. ಒಂದೇ ನಿಯಮಕ್ಕೆ ಸಂಬಂಧಿಸಿ, ಉಪಗ್ರಹಗಳು ಹಗಲಿರುಳು ನೋಡುತ್ತಿರುವಾಗಲೂ, ಐದು ಪಟ್ಟು ಅಂತರ.

0.1 ವ್ಯಾಟ್ ಕೇಳಲು ಕ್ಷುಲ್ಲಕ. ಭೂಮಿಯ ಮೇಲ್ಮೈ 51 ಕೋಟಿ ಚದರ ಕಿಲೋಮೀಟರ್. ಗುಣಿಸಿದರೆ ಸುಮಾರು 51 ಲಕ್ಷ ಕೋಟಿ ವ್ಯಾಟ್ ಆಗುತ್ತದೆ. ಇಡೀ ಮನುಕುಲ ಎಲ್ಲ ಬಗೆಯ ಇಂಧನಗಳಿಂದ ಬಳಸುವ ಶಕ್ತಿಯ ಸರಾಸರಿ ದರ ಸುಮಾರು 20 ಲಕ್ಷ ಕೋಟಿ ವ್ಯಾಟ್. ಅದರ ಎರಡೂವರೆ ಪಟ್ಟು ಶಾಖ ಪ್ರತಿ ಕ್ಷಣವೂ ಹೆಚ್ಚುವರಿಯಾಗಿ ಒಳಗೆ ಉಳಿಯುತ್ತದೆ ಎಂದರ್ಥ. ಇನ್ನೊಂದು ಅಳತೆಯಲ್ಲಿ ಹೇಳುವುದಾದರೆ, ಇಂಗಾಲದ ಡೈಆಕ್ಸೈಡ್‌ನ ಏರಿಕೆಯಿಂದ ಈಗ ವರ್ಷಕ್ಕೆ ಸುಮಾರು 0.03 ವ್ಯಾಟ್ ಕೂಡುತ್ತಿರುವುದರಿಂದ, ಮೂರು ವರ್ಷಗಳಲ್ಲಿ ಬರಬೇಕಾದ ಹೆಚ್ಚಳ ಒಮ್ಮೆಗೇ ಬಂದಂತಾಯಿತು. ಇದರಿಂದ ತಾಪಮಾನ ಅಂತಿಮವಾಗಿ ಏರುವುದು ಒಂದು ಡಿಗ್ರಿಯ ನೂರನೇ ಕೆಲವು ಭಾಗಗಳಷ್ಟು. ಒಂದು ವಲಯದ ಒಂದು ನಿಯಮದ ಮಟ್ಟಿಗೆ ಅದು ಸಣ್ಣದಲ್ಲ.

ಮುಸುಕಿನ ಹಿಂದಿನ ಸಂಖ್ಯೆ

ಹಡಗಿನ ಪ್ರಕರಣ ಮುಖ್ಯವಾಗುವುದು ಅದು ತೋರಿಸಿಕೊಟ್ಟ ದೊಡ್ಡ ಚಿತ್ರದಿಂದಾಗಿ. ಕಲ್ಲಿದ್ದಲು ಸ್ಥಾವರ, ಕಾರ್ಖಾನೆ, ವಾಹನ, ಒಲೆ, ಹಡಗು ಎಲ್ಲವುಗಳಿಂದ ಬಂದ ಕಣಗಳು ಸೇರಿ 1750ರಿಂದ 2019ರ ನಡುವೆ ಭೂಮಿಯ ಮೇಲೆ ಪ್ರತಿ ಚದರ ಮೀಟರಿಗೆ ಸುಮಾರು 1.1 ವ್ಯಾಟ್‌ನಷ್ಟು ತಂಪು ತಂದಿವೆ ಎಂಬುದು ಹವಾಮಾನ ವಿಜ್ಞಾನವನ್ನು ಪರಾಮರ್ಶಿಸುವ ವಿಶ್ವಸಂಸ್ಥೆಯ ಸಮಿತಿಯಾದ ಐಪಿಸಿಸಿಯ ಆರನೆಯ ವರದಿಯ ಅಂದಾಜು. ಅದರ ವ್ಯಾಪ್ತಿ 0.4ರಿಂದ 1.7ರವರೆಗೆ ಹರಡಿದೆ. ಎಲ್ಲ ಕಣಗಳೂ ತಂಪು ತರುವುದಿಲ್ಲ. ಮಸಿಯ ಕಪ್ಪು ಕಣಗಳು ಬಿಸಿಲನ್ನು ಹೀರಿ ಬಿಸಿ ಮಾಡುತ್ತವೆ. ಒಟ್ಟು ಕೂಡಿ ಕಳೆದಾಗ ತಂಪಿನ ಕಡೆಗೇ ತಕ್ಕಡಿ ವಾಲುತ್ತದೆ.

ಈ ಅನಿಶ್ಚಿತತೆ ಎಲ್ಲಿ ಕಚ್ಚುತ್ತದೆ ಎಂದು ನೋಡಲು ಒಂದು ಒರಟು ಲೆಕ್ಕ ಸಾಕು. ಅದೇ ವರದಿಯ ಪ್ರಕಾರ ಮನುಷ್ಯ ಕಾರಣಗಳ ನಿವ್ವಳ ಒತ್ತಡ 2.7 ವ್ಯಾಟ್. ಅದರಲ್ಲಿ ಕಣಗಳ ತಂಪನ್ನು ಕಳೆದಾಗಿರುವುದರಿಂದ, ಕಣಗಳನ್ನು ಬಿಟ್ಟರೆ ಬಿಸಿ ಮಾಡುವ ಒತ್ತಡ ಸುಮಾರು 3.8. ಈಗ ಕಣಗಳ ತಂಪು ಕೇವಲ 0.4 ಎಂದುಕೊಂಡರೆ ನಿವ್ವಳ ಒತ್ತಡ 3.4 ಆಗುತ್ತದೆ; 1.7 ಎಂದುಕೊಂಡರೆ 2.1 ಆಗುತ್ತದೆ. 2011ರಿಂದ 2020ರ ದಶಕದಲ್ಲಿ ಭೂಮಿ ಬಿಸಿಯಾದದ್ದು ಮಾತ್ರ ಎರಡೂ ಊಹೆಗಳಲ್ಲಿ ಅದೇ 1.1 ಡಿಗ್ರಿ, ಏಕೆಂದರೆ ಅದನ್ನು ಥರ್ಮಾಮೀಟರ್ ಅಳೆದಿದೆ. ಮೊದಲ ಊಹೆಯಲ್ಲಿ ಒಂದು ವ್ಯಾಟ್‌ಗೆ 0.32 ಡಿಗ್ರಿ, ಎರಡನೆಯದರಲ್ಲಿ 0.52 ಡಿಗ್ರಿ. ಸಾಗರ ಒಳಗೆಳೆದುಕೊಳ್ಳುವ ಶಾಖವನ್ನು ಈ ಲೆಕ್ಕ ಬದಿಗಿಟ್ಟಿದೆ, ಆದ್ದರಿಂದ ಈ ಅಂಕಿಗಳನ್ನು ಬೇರೆಡೆಗೆ ಕೊಂಡೊಯ್ಯಬಾರದು. ಆದರೆ ಹೋಲಿಕೆ ನಿಲ್ಲುತ್ತದೆ. ಕಣಗಳು ಹೆಚ್ಚು ತಂಪು ತರುತ್ತಿದ್ದರೆ, ಭೂಮಿ ನಾವೆಣಿಸಿದ್ದಕ್ಕಿಂತ ಹೆಚ್ಚು ಸೂಕ್ಷ್ಮ ಎಂದಾಗುತ್ತದೆ, ಅದೂ ಒಂದೂವರೆ ಪಟ್ಟಿಗೂ ಮಿಗಿಲಾಗಿ. ಮುಸುಕು ದಪ್ಪವಾಗಿದ್ದಷ್ಟೂ ಅದರ ಹಿಂದೆ ಅಡಗಿರುವ ಬಿಸಿಯೂ ಹೆಚ್ಚು, ಮುಂದಿನ ಪ್ರತಿ ಟನ್ ಇಂಗಾಲದ ಪೆಟ್ಟೂ ಹೆಚ್ಚು. ಈ ಎರಡು ಕೆಡುಕುಗಳು ಜೋಡಿಯಾಗಿಯೇ ಬರುತ್ತವೆ, ಒಂದು ಇನ್ನೊಂದನ್ನು ತೂಗಿ ಸರಿದೂಗಿಸುವುದಿಲ್ಲ.

ಇಷ್ಟು ನಿರ್ಣಾಯಕವಾದ ಸಂಖ್ಯೆಯನ್ನು ಅಳೆಯುವ ಕೆಲಸಕ್ಕೆ ಸಿಕ್ಕ ಆದ್ಯತೆ ಕಡಿಮೆಯೇ. ವಾಯುಕಣಗಳ ಬಗೆಯನ್ನೂ ಗಾತ್ರವನ್ನೂ ಬೆಳಕಿನ ಧ್ರುವೀಕರಣದಿಂದ ಗುರುತಿಸಬಲ್ಲ ಉಪಕರಣವನ್ನು ಹೊತ್ತ ನಾಸಾದ ಗ್ಲೋರಿ ಉಪಗ್ರಹ 2011ರ ಮಾರ್ಚಿನಲ್ಲಿ ಉಡಾವಣೆಯ ವೈಫಲ್ಯದಿಂದ ಕಕ್ಷೆ ಸೇರಲಿಲ್ಲ. ಅದೇ ಬಗೆಯ ಅಳತೆ ಮಾಡಬಲ್ಲ ನಾಸಾದ ಪೇಸ್ ಉಪಗ್ರಹ ಮೇಲೇರಿದ್ದು 2024ರ ಫೆಬ್ರವರಿಯಲ್ಲಿ. ನಡುವಿನ ಹದಿಮೂರು ವರ್ಷಗಳಲ್ಲಿ ಹಡಗುಗಳ ಗಂಧಕವೂ ಪೂರ್ವ ಏಷ್ಯಾದ ಗಂಧಕವೂ ಬಹುಪಾಲು ಹೊರಟೇಹೋದವು. ಬದಲಾವಣೆಗೆ ಮುಂಚಿನ ಸ್ಥಿತಿಯನ್ನು ಸರಿಯಾದ ಉಪಕರಣದಿಂದ ಅಳೆದಿಡುವ ಅವಕಾಶ ಮತ್ತೆ ಬಾರದು, ಮತ್ತು ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಬೇಸರ ತರಿಸುವ ಸಂಗತಿ ಇದೇ.

ಪೂರ್ವ ಏಷ್ಯಾದ ಮಾತು ಬಂದದ್ದರಿಂದ ಒಂದು ಹೋಲಿಕೆ. ಚೀನಾ 2013ರಿಂದ ಗಾಳಿ ಶುದ್ಧೀಕರಣಕ್ಕೆ ಕಟ್ಟುನಿಟ್ಟಾಗಿ ಇಳಿದ ಮೇಲೆ ಆ ಭಾಗದ ಗಂಧಕದ ಡೈಆಕ್ಸೈಡ್ ಸುಮಾರು ಶೇಕಡ 75ರಷ್ಟು ಇಳಿದಿದೆ. ಇದರಿಂದ ಭೂಮಿಯ ಸರಾಸರಿ ತಾಪಮಾನ ಸುಮಾರು 0.07 ಡಿಗ್ರಿ ಏರಿರಬಹುದು ಎಂದು 2025ರ ಒಂದು ಅಧ್ಯಯನ ಅಂದಾಜಿಸಿದೆ. ಹಡಗುಗಳ ನಿಯಮ ಒಂಟಿ ಘಟನೆಯಲ್ಲ ಎಂಬುದಕ್ಕೆ ಇಷ್ಟು ಸಾಕು.

ಬೆಲೆ ಕಟ್ಟಿದವರ ಪುಸ್ತಕ

ಇನ್ನು ಮೂರನೆಯ ಕಡತ. 2018ರ ಅಕ್ಟೋಬರ್ 8ರಂದು ಎರಡು ಘಟನೆಗಳು ನಡೆದವು. ಐಪಿಸಿಸಿ 1.5 ಡಿಗ್ರಿ ಏರಿಕೆಯ ಕುರಿತ ವಿಶೇಷ ವರದಿಯನ್ನು ಹೊರತಂದಿತು. ಅದೇ ದಿನ, ಹವಾಮಾನ ಬದಲಾವಣೆಯನ್ನು ಅರ್ಥಶಾಸ್ತ್ರದ ಮಾದರಿಯೊಳಗೆ ತಂದದ್ದಕ್ಕಾಗಿ ವಿಲಿಯಂ ನಾರ್ಡ್‌ಹೌಸ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಅವರ ಡೈಸ್ ಎಂಬ ಮಾದರಿ ಅನೇಕ ಸರ್ಕಾರಗಳ ನೀತಿ ಲೆಕ್ಕಾಚಾರದ ಅಡಿಪಾಯಗಳಲ್ಲಿ ಒಂದು. ಹವಾಮಾನಕ್ಕೂ ಆರ್ಥಿಕತೆಗೂ ನಂಟು ಕಟ್ಟಿದ ಅವರ ಶ್ರಮವನ್ನು ಗೌರವದಿಂದಲೇ ಕಾಣಬೇಕು. ಆದರೆ ಮಾದರಿಯ ಒಳಗೆ ಕೈಹಾಕಿ ನೋಡಿದರೆ ಆತಂಕವಾಗುತ್ತದೆ.

ಅದರ 2016ರ ಆವೃತ್ತಿಯಲ್ಲಿ ಹಾನಿಯ ಸೂತ್ರ ಹೀಗಿದೆ: ತಾಪಮಾನದ ಏರಿಕೆಯನ್ನು ಅದರಿಂದಲೇ ಗುಣಿಸಿ, ಮತ್ತೆ 0.00236ರಿಂದ ಗುಣಿಸಬೇಕು. 3 ಡಿಗ್ರಿ ಏರಿದರೆ ಜಗತ್ತಿನ ಉತ್ಪನ್ನದಲ್ಲಿ ಶೇಕಡ 2.1 ನಷ್ಟ. 6 ಡಿಗ್ರಿ ಏರಿದರೆ ಶೇಕಡ 8.5 ನಷ್ಟ. ಆರು ಡಿಗ್ರಿ ಎಂದರೆ ಕಳೆದ ಹಿಮಯುಗದ ಶಿಖರಕ್ಕೂ ಕೈಗಾರಿಕಾ ಯುಗದ ಮುಂಚಿನ ಕಾಲಕ್ಕೂ ಇದ್ದ ಅಂತರಕ್ಕೆ ಸಮೀಪದ ಬದಲಾವಣೆ. ಅದನ್ನು ಕೆಲವು ವರ್ಷಗಳ ಬೆಳವಣಿಗೆಯಲ್ಲಿ ತುಂಬಿಕೊಳ್ಳಬಹುದಾದ ನಷ್ಟವೆಂದು ಈ ಸೂತ್ರ ಹೇಳುತ್ತದೆ. ಇದೇ ಮಾದರಿಯ ಪ್ರಕಾರ 2100ರ ಹೊತ್ತಿಗೆ ಸುಮಾರು 3.5 ಡಿಗ್ರಿಗೆ ಮುಟ್ಟುವ ದಾರಿಯೇ ಆರ್ಥಿಕವಾಗಿ ಅತ್ಯುತ್ತಮ ಎಂದು ಹೊರಬಂದಿತ್ತು. 2023ರ ಆವೃತ್ತಿಯಲ್ಲಿ ಹಾನಿಯ ಗುಣಕವನ್ನು ಹೆಚ್ಚಿಸಲಾಯಿತು, ಅತ್ಯುತ್ತಮ ದಾರಿ 3 ಡಿಗ್ರಿಯ ಕೆಳಗೆ ಬಂದಿತು.

ಇಷ್ಟು ಸಣ್ಣ ನಷ್ಟ ಬಂದದ್ದು ಎಲ್ಲಿಂದ? ನಾರ್ಡ್‌ಹೌಸ್ 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆದಾಯವನ್ನು ವಲಯವಾರು ವಿಂಗಡಿಸಿ, ಅದರ ಸುಮಾರು ಶೇಕಡ 87ರಷ್ಟು ಹವಾಮಾನದಿಂದ ನಗಣ್ಯವಾಗಿ ಮಾತ್ರ ಬಾಧಿತವಾಗುವ ವಲಯಗಳಿಂದ ಬರುತ್ತದೆ ಎಂದು ತೀರ್ಮಾನಿಸಿದ್ದರು. ಬೇಸಾಯ, ಅರಣ್ಯ, ಮೀನುಗಾರಿಕೆಗಳ ಪಾಲು ಶೇಕಡ 3ರ ಆಸುಪಾಸು. ಛಾವಣಿಯ ಕೆಳಗೆ ನಡೆಯುವ ಕೆಲಸಕ್ಕೆ ಬಿಸಿಲು ತಾಕದು ಎಂಬ ತರ್ಕ ಇದರ ಹಿಂದಿತ್ತು. ಆದರೆ ಆದಾಯದ ಶೇಕಡ 3 ಎಂಬುದು ಆಹಾರದ ಬೆಲೆ, ಆಹಾರದ ಅಗತ್ಯವಲ್ಲ. ಉಣ್ಣುವುದು ಸಾಲದಾದಾಗ ಆ ಶೇಕಡ 3 ಉಳಿದ 97ನ್ನು ನಿಲ್ಲಿಸಬಲ್ಲದು. ಕಾರ್ಖಾನೆಗೆ ವಿದ್ಯುತ್, ನೀರು, ದಾರಿ, ದುಡಿಯುವ ಮೈ ಎಲ್ಲವೂ ಹೊರಗಿನಿಂದಲೇ ಬರಬೇಕು.

ಎರಡನೆಯ ದೋಷ ಕಾಲದ್ದು. ಭವಿಷ್ಯದ ನಷ್ಟವನ್ನು ಇಂದಿನ ಬೆಲೆಗೆ ಇಳಿಸಲು ಅರ್ಥಶಾಸ್ತ್ರಜ್ಞರು ಒಂದು ಸೋಡಿ ದರವನ್ನು, ಅಂದರೆ ಡಿಸ್ಕೌಂಟ್ ದರವನ್ನು ಬಳಸುತ್ತಾರೆ. ನೂರು ವರ್ಷಗಳ ನಂತರ ಆಗುವ 100 ಮಾನದ ನಷ್ಟ ವರ್ಷಕ್ಕೆ ಶೇಕಡ 4.5ರ ದರದಲ್ಲಿ ಇಂದು 1.2 ಆಗಿ ಕಾಣುತ್ತದೆ. ಬ್ರಿಟನ್ ಸರ್ಕಾರಕ್ಕಾಗಿ ಅರ್ಥಶಾಸ್ತ್ರಜ್ಞ ನಿಕೋಲಸ್ ಸ್ಟರ್ನ್ ಸಿದ್ಧಪಡಿಸಿದ 2006ರ ಸ್ಟರ್ನ್ ವರದಿ ಬಳಸಿದ ಶೇಕಡ 1.4ರ ದರದಲ್ಲಿ ಅದೇ ನಷ್ಟ ಸುಮಾರು 25 ಆಗುತ್ತದೆ. ವಿಜ್ಞಾನ ಒಂದೇ, ನಷ್ಟ ಒಂದೇ. ಇಪ್ಪತ್ತು ಪಟ್ಟು ವ್ಯತ್ಯಾಸ ಬಂದದ್ದು ಇನ್ನೂ ಹುಟ್ಟದವರ ಬದುಕಿಗೆ ನಾವು ಕೊಡುವ ತೂಕದಿಂದ. ಡೈಸ್‌ನ 2016ರ ಆವೃತ್ತಿಯಲ್ಲಿ ಒಂದು ಟನ್ ಇಂಗಾಲದ ಡೈಆಕ್ಸೈಡ್‌ನ ಸಾಮಾಜಿಕ ವೆಚ್ಚ, ಅಂದರೆ ಅದು ಸಮಾಜಕ್ಕೆ ಉಂಟುಮಾಡುವ ನಷ್ಟದ ಇಂದಿನ ಬೆಲೆ, ಸುಮಾರು 31 ಡಾಲರ್ ಇದ್ದರೆ, ಹೊಸ ಹಾನಿ ಅಂದಾಜು ಮತ್ತು ಶೇಕಡ 2ರ ದರ ಬಳಸಿದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 2023ರ ಲೆಕ್ಕದಲ್ಲಿ ಅದು 190 ಡಾಲರ್ ಆಯಿತು.

ಹಡಗಿನ ಪ್ರಕರಣಕ್ಕೆ ನೇರವಾಗಿ ತಾಗುವುದು ಮೂರನೆಯ ದೋಷ. ಅದನ್ನು ಹೆಚ್ಚು ಜನ ಗಮನಿಸಿಲ್ಲ. ಡೈಸ್‌ನ 2016ರ ಆವೃತ್ತಿಯಲ್ಲಿ ಇಂಗಾಲದ ಡೈಆಕ್ಸೈಡ್‌ನ್ನು ಬಿಟ್ಟು ಉಳಿದೆಲ್ಲ ಒತ್ತಡಗಳಿಗೆ ಒಂದೇ ಸಾಲು ಮೀಸಲು: 2015ರಲ್ಲಿ 0.5 ವ್ಯಾಟ್, 2100ರಲ್ಲಿ 1.0 ವ್ಯಾಟ್, ನಡುವೆ ಒಂದು ನೇರ ಗೆರೆ. ಅದು ಮಾದರಿಯ ಹೊರಗಿನಿಂದ ಕೊಟ್ಟದ್ದು. ಒಳಗಿನ ಯಾವ ನಿರ್ಧಾರದಿಂದಲೂ ಬದಲಾಗದು. ಕಲ್ಲಿದ್ದಲು ಸ್ಥಾವರ ಮುಚ್ಚಿದರೆ ಇಂಗಾಲದ ಜೊತೆಗೆ ಗಂಧಕವೂ ನಿಲ್ಲುತ್ತದೆ, ತಂಪು ವಾರಗಳಲ್ಲಿ ಹೋಗುತ್ತದೆ, ಇಂಗಾಲದ ಬಿಸಿ ಶತಮಾನಗಳ ಕಾಲ ಉಳಿಯುತ್ತದೆ ಎಂಬ ನಿಜವಾದ ಸಂಬಂಧಕ್ಕೆ ಅಲ್ಲಿ ಜಾಗವೇ ಇಲ್ಲ. ಕಣಗಳ ಅನಿಶ್ಚಿತತೆ ಎಷ್ಟೇ ದೊಡ್ಡದಿದ್ದರೂ ಬೆಲೆ ಕಟ್ಟುವವರ ಮೇಜಿಗೆ ಬರುವ ಹೊತ್ತಿಗೆ ಅದು ಒಂದು ನೀಟಾದ ಗೆರೆಯಾಗಿರುತ್ತದೆ.

ಎರಡು ತಪ್ಪುಗಳು ಕೂಡಿದಾಗ

ಹಾನಿ ತಾಪಮಾನಕ್ಕಿಂತ ವೇಗವಾಗಿ ಏರುತ್ತದೆ ಎಂದಾದರೆ, ಸರಾಸರಿ ತಾಪಮಾನದ ಹಾನಿಯೂ ಹಾನಿಯ ಸರಾಸರಿಯೂ ಒಂದೇ ಅಲ್ಲ. ಏರಿಕೆ ಖಚಿತವಾಗಿ 3 ಡಿಗ್ರಿ ಎಂದರೆ ಮೇಲಿನ ಸೂತ್ರ ಶೇಕಡ 2.1 ನಷ್ಟ ಹೇಳುತ್ತದೆ. ಅದು 2 ಡಿಗ್ರಿಯೂ ಆಗಬಹುದು, 4 ಡಿಗ್ರಿಯೂ ಆಗಬಹುದು, ಎರಡಕ್ಕೂ ಸಮಾನ ಸಾಧ್ಯತೆ ಎಂದಾಗ ಸರಾಸರಿ ಇನ್ನೂ 3 ಡಿಗ್ರಿಯೇ, ಆದರೆ ನಷ್ಟ ಶೇಕಡ 2.4ರ ಹತ್ತಿರ ಬರುತ್ತದೆ. ಸೂತ್ರದಲ್ಲಿ ವರ್ಗದ ಬದಲು ಘನ ಇದ್ದಿದ್ದರೆ ಇದೇ ಅನಿಶ್ಚಿತತೆ ನಷ್ಟವನ್ನು ಮೂರನೇ ಒಂದು ಭಾಗದಷ್ಟು ಹಿಗ್ಗಿಸುತ್ತಿತ್ತು. ಹಾನಿಯ ಸೂತ್ರ ಚಪ್ಪಟೆಯಾಗಿದ್ದಷ್ಟೂ ಅನಿಶ್ಚಿತತೆ ನಿರುಪದ್ರವಿಯಾಗಿ ಕಾಣುತ್ತದೆ. ಅದು ಕಡಿದಾಗಿದ್ದಷ್ಟೂ ಅನಿಶ್ಚಿತತೆಯೇ ಮುಖ್ಯ ವೆಚ್ಚವಾಗುತ್ತದೆ. ಅರ್ಥಶಾಸ್ತ್ರಜ್ಞ ಮಾರ್ಟಿನ್ ವೈಟ್ಸ್‌ಮನ್ 2009ರಲ್ಲಿ ಇದನ್ನು ಕೊನೆಯವರೆಗೆ ಒಯ್ದು, ತೀರಾ ಕೆಟ್ಟ ಸಾಧ್ಯತೆಗಳು ಸಾಕಷ್ಟು ನಿಧಾನವಾಗಿ ಕ್ಷೀಣಿಸುವುದಾದರೆ ಲಾಭ-ನಷ್ಟದ ಮಾಮೂಲಿ ತೂಗುವಿಕೆಯೇ ಕುಸಿಯುತ್ತದೆ ಎಂದು ತೋರಿಸಿದರು. ಈ ಮಾದರಿಗಳ ಹಾನಿ ಸೂತ್ರಗಳಿಗೆ ಸಿದ್ಧಾಂತದ ಆಧಾರವೂ ಅಂಕಿಅಂಶಗಳ ಆಧಾರವೂ ಸಾಲದು ಎಂದು ಇನ್ನೊಬ್ಬ ಅರ್ಥಶಾಸ್ತ್ರಜ್ಞ ರಾಬರ್ಟ್ ಪಿಂಡಿಕ್ 2013ರಲ್ಲಿ ಬರೆದರು.

ಹೀಗಾಗಿ ಕಣಗಳೂ ಲೆಕ್ಕವೂ ಒಂದೇ ದಿಕ್ಕಿಗೆ ತಪ್ಪಿಸುತ್ತವೆ. ಕಣಗಳ ಮುಸುಕು ನಾವು ಮಾಡಿಕೊಂಡ ಬಿಸಿಯ ಸಾಲವನ್ನು ಕಣ್ಣಿನಿಂದ ಮರೆಮಾಡಿತು. ದುರ್ಬಲ ಅರ್ಥಶಾಸ್ತ್ರ ಕಣ್ಣಿಗೆ ಬಿದ್ದ ಸಾಲಕ್ಕೂ ಬಡ್ಡಿ ಕಡಿಮೆ ಎಂದಿತು. ಈ ಮಾತಿಗೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಹಳೆಯ ಲೆಕ್ಕ ಕಡಿಮೆ ಎಂಬ ಕಾರಣಕ್ಕೆ ದೊಡ್ಡ ಸಂಖ್ಯೆ ಹೇಳಿದ್ದೆಲ್ಲ ಸರಿಯಾಗುವುದಿಲ್ಲ. ಶತಮಾನದ ಮಧ್ಯದ ಹೊತ್ತಿಗೆ ಜಾಗತಿಕ ಆದಾಯ ಹವಾಮಾನ ಬದಲಾವಣೆ ಇಲ್ಲದಿದ್ದರೆ ಇರುತ್ತಿದ್ದುದಕ್ಕಿಂತ ಸುಮಾರು ಶೇಕಡ 19ರಷ್ಟು ಕಡಿಮೆಯಾಗುತ್ತದೆ ಎಂದು 2024ರಲ್ಲಿ ನೇಚರ್ ಪತ್ರಿಕೆ ಪ್ರಕಟಿಸಿದ ಅಧ್ಯಯನವನ್ನು ಕೇಂದ್ರ ಬ್ಯಾಂಕುಗಳ ಹವಾಮಾನ ಜಾಲವೂ ತನ್ನ ಸನ್ನಿವೇಶಗಳಲ್ಲಿ ಬಳಸಿಕೊಂಡಿತು. ಒಂದು ದೇಶದ ಹಳೆಯ ಅಂಕಿಗಳ ದೋಷ ಮತ್ತು ಅನಿಶ್ಚಿತತೆಯ ಲೆಕ್ಕದ ಕೊರತೆ ಹೊರಬಂದ ಮೇಲೆ 2025ರ ಡಿಸೆಂಬರಿನಲ್ಲಿ ಲೇಖಕರು ಅದನ್ನು ಹಿಂತೆಗೆದುಕೊಂಡರು. ಶೇಕಡ 2 ಎಂಬ ಒಂದೇ ಸಂಖ್ಯೆಯ ಮೇಲೆ ನೀತಿ ನಿಲ್ಲಿಸುವುದು ಎಷ್ಟು ಅಪಾಯವೋ ಶೇಕಡ 19 ಎಂಬ ಒಂದೇ ಸಂಖ್ಯೆಯ ಮೇಲೆ ನಿಲ್ಲಿಸುವುದೂ ಅಷ್ಟೇ ಅಪಾಯ. ವಿಮೆಯ ಲೆಕ್ಕಿಗರು ನಡುವಿನ ಅಂಕಿಯನ್ನು ನೋಡಿ ಸುಮ್ಮನಾಗುವುದಿಲ್ಲ. ಸಂಸ್ಥೆ ಮುಳುಗುವ ಸಾಧ್ಯತೆ ಎಷ್ಟು ಎಂದು ಕೇಳುತ್ತಾರೆ. ಹವಾಮಾನಕ್ಕೂ ಕೇಳಬೇಕಾದ ಪ್ರಶ್ನೆ ಅದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

2023 ಮತ್ತು 2024 ಈ ಪ್ರಶ್ನೆಯನ್ನು ತುರ್ತಾಗಿಸಿದವು. ವಿಶ್ವ ಹವಾಮಾನ ಸಂಸ್ಥೆಯ ಲೆಕ್ಕದಲ್ಲಿ ಕೈಗಾರಿಕಾ ಯುಗದ ಮುಂಚಿನ ಮಟ್ಟಕ್ಕಿಂತ 2023 ಸುಮಾರು 1.45 ಡಿಗ್ರಿ, 2024 ಸುಮಾರು 1.55 ಡಿಗ್ರಿ ಹೆಚ್ಚು ಬಿಸಿಯಾಗಿದ್ದವು. ಪೆಸಿಫಿಕ್ ಸಾಗರದ ನೀರು ಕೆಲವು ವರ್ಷಗಳಿಗೊಮ್ಮೆ ಬಿಸಿಯಾಗುವ ಎಲ್ ನಿನೊ ಅದರಲ್ಲಿ ದೊಡ್ಡ ಪಾತ್ರ ವಹಿಸಿತು, ಸೂರ್ಯನ ಚಟುವಟಿಕೆ ಏರುಗತಿಯಲ್ಲಿತ್ತು. ಅಷ್ಟನ್ನು ಕೂಡಿಸಿದರೂ 2023ರಲ್ಲಿ ಸುಮಾರು 0.2 ಡಿಗ್ರಿ ವಿವರಣೆಗೆ ಸಿಗದೆ ಉಳಿಯಿತು ಎಂದೂ, ಅದಕ್ಕೆ ತಗ್ಗು ಮೋಡಗಳು ಕುಗ್ಗಿ ಭೂಮಿಯ ಬಿಳುಪು ದಾಖಲೆಯ ಕೆಳಮಟ್ಟಕ್ಕೆ ಇಳಿದದ್ದೇ ಮುಖ್ಯ ಕಾರಣ ಎಂದೂ ಸೈನ್ಸ್ ಪತ್ರಿಕೆಯ ಒಂದು ಅಧ್ಯಯನ ಹೇಳಿತು. ಮೋಡ ಕುಗ್ಗಿದ್ದರಲ್ಲಿ ಕಣಗಳ ಇಳಿಕೆಯ ಪಾಲೆಷ್ಟು, ಬಿಸಿಗೆ ಮೋಡವೇ ತೋರಿದ ಪ್ರತಿಕ್ರಿಯೆಯ ಪಾಲೆಷ್ಟು ಎಂಬುದು ಇನ್ನೂ ಬಿಡಿಸಿಲ್ಲದ ಗಂಟು. ಎರಡನೆಯದೇ ಹೆಚ್ಚು ಎಂದಾದರೆ ಅದು ಇನ್ನೂ ಕೆಟ್ಟ ಸುದ್ದಿ, ಏಕೆಂದರೆ ಆ ಪ್ರತಿಕ್ರಿಯೆ ಬಿಸಿಯ ಜೊತೆಗೇ ಬೆಳೆಯುತ್ತ ಹೋಗುತ್ತದೆ.

ನಿರ್ಧಾರ ಹೇಗಿರಬೇಕಿತ್ತು

ಗಂಧಕವನ್ನು ಮತ್ತೆ ಗಾಳಿಗೆ ಬಿಡಬೇಕೆಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಅದನ್ನು ಒಪ್ಪಲಾಗದು. ಸಲ್ಫೇಟ್ ಕಣ ಗಾಳಿಯಲ್ಲಿ ಇರುವುದು ಒಂದೆರಡು ವಾರ. ತಂಪು ಉಳಿಯಬೇಕಾದರೆ ಹೊಗೆ ನಿಲ್ಲುವಂತಿಲ್ಲ, ಅಂದರೆ ಆಸ್ತಮಾ ಮತ್ತು ಸಾವುಗಳೂ ನಿಲ್ಲುವಂತಿಲ್ಲ. 1970 ಮತ್ತು 80ರ ದಶಕಗಳಲ್ಲಿ ಆಫ್ರಿಕಾದ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಾಹೆಲ್ ಪ್ರದೇಶಕ್ಕೆ ಬಂದ ಬರಗಾಲದಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ಗಂಧಕ ಮಳೆಯ ಪಟ್ಟಿಯನ್ನು ದಕ್ಷಿಣಕ್ಕೆ ತಳ್ಳಿದ ಪಾತ್ರವನ್ನು ಸಂಶೋಧನೆಗಳು ಗುರುತಿಸಿವೆ. ಕಣಗಳ ತಂಪು ಎಲ್ಲರಿಗೂ ಸಮನಾಗಿ ಬೀಳುವ ನೆರಳಲ್ಲ.

ಸರಿಯಾದ ದಾರಿ ಗಂಧಕ ತೆಗೆಯುವ ದಿನಾಂಕದ ಪಕ್ಕದಲ್ಲಿಯೇ ಅದರಿಂದ ಬಯಲಾಗುವ ಬಿಸಿಯನ್ನು ಸರಿದೂಗಿಸುವ ಕ್ರಮವನ್ನೂ ಬರೆಯುವುದಾಗಿತ್ತು. ಅದಕ್ಕೆ ತಕ್ಕ ಅನಿಲ ಮೀಥೇನ್. ವಾತಾವರಣದಲ್ಲಿ ಅದರ ಆಯುಷ್ಯ ಸುಮಾರು 12 ವರ್ಷ. ಅದನ್ನು ಕಡಿತಗೊಳಿಸಿದರೆ ಫಲ ಒಂದೆರಡು ದಶಕಗಳೊಳಗೆ ಕಾಣುತ್ತದೆ, ಗಂಧಕ ಹೋದದ್ದರಿಂದ ಬರುವ ಬಿಸಿಯ ಕಾಲಮಾನಕ್ಕೆ ಅದು ಹತ್ತಿರ. ಮೀಥೇನನ್ನು 2030ರೊಳಗೆ 2020ರ ಮಟ್ಟಕ್ಕಿಂತ ಶೇಕಡ 30ರಷ್ಟು ಇಳಿಸುವ ಜಾಗತಿಕ ಪ್ರತಿಜ್ಞೆ 2021ರಲ್ಲಿ ಬಂದಿತು, ಸ್ವಯಂಪ್ರೇರಿತವಾಗಿ, ಹಡಗಿನ ನಿಯಮದೊಂದಿಗೆ ಯಾವ ಕೊಂಡಿಯೂ ಇಲ್ಲದೆ. ಹಡಗುಗಳ ಇಂಗಾಲಕ್ಕೆ ಸಂಬಂಧಿಸಿದ ಕೆಲಸವೂ ಗಂಧಕದ ವೇಗದಲ್ಲಿ ಸಾಗಲಿಲ್ಲ. ಐಎಂಒದ ನಾಲ್ಕನೆಯ ಅಧ್ಯಯನದ ಪ್ರಕಾರ 2018ರಲ್ಲಿ ಮನುಷ್ಯ ಮೂಲದ ಹಸಿರುಮನೆ ಅನಿಲಗಳಲ್ಲಿ ಹಡಗುಗಳ ಪಾಲು ಶೇಕಡ 2.89. ಅವುಗಳಿಗೆ ಬೆಲೆ ವಿಧಿಸುವ ಚೌಕಟ್ಟನ್ನು ಐಎಂಒ 2025ರ ಏಪ್ರಿಲಿನಲ್ಲಿ ಅನುಮೋದಿಸಿತು. ಅಕ್ಟೋಬರಿನಲ್ಲಿ ಅದನ್ನು ಅಂಗೀಕರಿಸಬೇಕಾಗಿದ್ದ ಸಭೆ ನಿರ್ಧಾರವನ್ನು ಒಂದು ವರ್ಷ ಮುಂದಕ್ಕೆ ಹಾಕಿತು.

ಆ ಒಂದು ವರ್ಷವೂ ಹಡಗುಗಳು ಓಡುತ್ತಲೇ ಇರುತ್ತವೆ. ಅವುಗಳ ಹೊಗೆಯಲ್ಲಿ ಉಳಿದಿರುವ ಅಲ್ಪ ಗಂಧಕ ಒಂದೆರಡು ವಾರಗಳಲ್ಲಿ ಮಳೆಯೊಂದಿಗೆ ಇಳಿದುಹೋಗುತ್ತದೆ. ಅದೇ ಕೊಳವೆಯಿಂದ ಹೊರಬೀಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇಕಡ 15ರಿಂದ 40ರಷ್ಟು ಸಾವಿರ ವರ್ಷಗಳ ನಂತರವೂ ಗಾಳಿಯಲ್ಲಿರುತ್ತದೆ, ಶೇಕಡ 4.5ರ ಸೋಡಿ ದರದಲ್ಲಿ ಅದರ ಆ ದಿನದ ಹಾನಿಯ ಇಂದಿನ ಬೆಲೆ ಹೆಚ್ಚುಕಡಿಮೆ ಸೊನ್ನೆ.